ಸರ್ಪಸುತ್ತು: ರೋಗವೂ ಭೀತಿಯೂ

(ಕಲ್ಯದಲ್ಲಿ ನೆರೆದ ಸದ್ಭಕ್ತರ ಮುಂದೆ ಮಾಡಿದ ಉಪನ್ಯಾಸ)



ಈ ಕಲ್ಯವು ಮಾಗಡಿ ಸೀಮೆಯ ಪುರಾತನ ಗ್ರಾಮಗಳಲ್ಲೊಂದು. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ್ದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯನು ೧೩೬೮ರಲ್ಲಿ ತೀರ್ಮಾನಿಸಿ ಬರೆಯಿಸಿದ ಶಾಸನವು ಶ್ರವಣಬೆಳಗೊಳದಲ್ಲಿ ದೊರೆತಂತೆಯೇ ಇಲ್ಲಿಯೂ ದೊರೆತಿರುವುದು ವಿದ್ವಾಂಸರೆಲ್ಲರಿಗೂ ತಿಳಿದ ಸಂಗತಿ. ಬಸವಪುರಾಣವನ್ನು ತೆಲುಗಿನಲ್ಲಿ ರಚಿಸಿದ ಪಾಲ್ಕುರಿಕೆ ಸೋಮನಾಥನು ಐಕ್ಯನಾದ ಸ್ಥಳವು ಇದೇ ಎಂದು ಪರಂಪರೆಯು ಹೇಳುತ್ತದೆ. ಸಂಸ್ಕೃತದಲ್ಲಿಯೂ ಕಲ್ಯವೆಂಬ ಶಬ್ದವುಂಟು. ನಿರಾಮಯನಾದವನಿಗೆ, ಎಂದರೆ ರೋಗವಿಲ್ಲದವನಿಗೆ, ಅಮರಕೋಶವು ಕೊಡುವ ಹೆಸರುಗಳಲ್ಲಿ ಅದೂ ಒಂದು. ಊರಿನ ಹೆಸರು ಆ ಶಬ್ದದಿಂದ ಹುಟ್ಟಿದುದೆಂದು ಸಾಧಿಸಹೊರಡುವುದು ಸರಿಯಲ್ಲ. ಶಾಸನದಲ್ಲಿ ಕಾಣುವ ಕಲ್ಲೆಹವೆಂಬ ರೂಪವೇ ಸವೆದು ಕಲ್ಯವಾಗಿರುವಂತೆ ತೋರುತ್ತದೆ. ಆದರೂ ಇಂತಹ ಹೆಸರಿನ ಊರಿನಲ್ಲಿ ಆರೋಗ್ಯದ ಮಾತನ್ನೆತ್ತುವುದು ಅನುಚಿತವೆನಿಸಲಾರದು.

ಇಂದಿನ ವಿಷಯವು ಸರ್ಪಸುತ್ತು. ಈ ಸೀಮೆಯಲ್ಲಿ ಇದರ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಲೂ ಹಿಂಜರಿಯುವ ಮುದುಕಿಯರಿದ್ದಾರೆ. ಮೊದಲು ಎರಡು ಮೂರು ದಿನ ಬೆನ್ನು, ಪಕ್ಕೆ, ಎದೆ ಅಥವಾ ಸೊಂಟದ ಒಂದು ಪಾರ್ಶ್ವದಲ್ಲಿ ಉರಿಯೂ ಚುಚ್ಚುವ ನೋವೂ ಕಾಣಿಸಿಕೊಳ್ಳುತ್ತದೆ. ಮೇಲೆ ಏನೂ ಕಾಣದು. ವಾಯುವೆಂದು ಕಷಾಯ ಕುಡಿಯುವವರೂ, ಎದೆಯ ಎಡಭಾಗದಲ್ಲಿದ್ದರೆ ಹೃದಯದ ಬೇನೆಯೆಂದು ಹೆದರುವವರೂ ಉಂಟು. ಅನಂತರ ಅದೇ ಜಾಗದಲ್ಲಿ ಚರ್ಮವು ಕೆಂಪಾಗಿ, ಅದರ ಮೇಲೆ ನೀರ್ಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದು, ಬೆನ್ನೆಲುಬಿನ ಬಳಿಯಿಂದ ಮುಂದಕ್ಕೆ ಪಟ್ಟಿಯಂತೆ ಹರಿಯುತ್ತವೆ. ಆಗ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಹೊಲದಲ್ಲಿ ಹಾವನ್ನು ಯಾರು ಹೊಡೆದರು? ಹುತ್ತವನ್ನು ಯಾರು ಅಗೆದರು? ಘಾಟಿಯ ಹರಕೆಯೋ ಕುಕ್ಕೆಯ ಹರಕೆಯೋ ತೀರದೆ ಉಳಿದಿದೆಯೋ? ಹೀಗೆ ವಿಚಾರಣೆ ಮೊದಲಾಗುತ್ತದೆ. ಇದಕ್ಕೆಲ್ಲ ಮೇಲಾದ ಭಯವೊಂದಿದೆ: ಹಾವಿನ ತಲೆಯೂ ಬಾಲವೂ ಸೇರಿ ಸುತ್ತು ಪೂರ್ತಿಯಾದರೆ ರೋಗಿಯು ಬದುಕುವುದಿಲ್ಲವೆಂಬುದು. ಆ ಭಯದಿಂದಲೇ ರಾತ್ರಿಯೆಲ್ಲ ದೀಪ ಹಿಡಿದು ಗುಳ್ಳೆಗಳು ಎಷ್ಟು ಮುಂದೆ ಬಂದವೆಂದು ಅಳೆಯುತ್ತ ಕುಳಿತವರ ವೃತ್ತಾಂತಗಳು ಹಳ್ಳಿಗಳಲ್ಲಿ ವಿರಳವಲ್ಲ.

ಈ ಭಯವು ಕನ್ನಡ ನಾಡಿನದು ಮಾತ್ರವಲ್ಲ. ರೋಮ್ ದೇಶದ ಪ್ಲಿನಿಯೆಂಬ ಪಂಡಿತನು, ಕ್ರಿಸ್ತಶಕ ೭೯ರಲ್ಲಿ ತೀರಿಕೊಂಡವನು, ತನ್ನ ಪ್ರಕೃತಿ ವರ್ಣನೆಯ ಗ್ರಂಥದಲ್ಲಿ ಇದೇ ರೋಗವನ್ನು ಹೇಳಿ, ಇದು ನಡುವನ್ನು ಪೂರ್ತಿಯಾಗಿ ಸುತ್ತಿದರೆ ಕೊಲ್ಲುತ್ತದೆಂದು ಬರೆದಿದ್ದಾನೆ. ಮಾಗಡಿಯ ಅಜ್ಜಿಗೂ ರೋಮಿನ ಪಂಡಿತನಿಗೂ ಯಾವ ಸಂಪರ್ಕವೂ ಇರಲಿಲ್ಲ. ಕಣ್ಣಿಗೆ ಕಂಡ ಆಕಾರವೊಂದೇ ಇಬ್ಬರಲ್ಲಿಯೂ ಒಂದೇ ಊಹೆಯನ್ನು ಹುಟ್ಟಿಸಿತು. ಶಬ್ದಗಳನ್ನು ನೋಡಿದರೂ ಹಾಗೆಯೇ. ಪಾಶ್ಚಾತ್ಯ ವೈದ್ಯರು ಇದನ್ನು ಹರ್ಪಿಸ್ ಜೋಸ್ಟರ್ ಎನ್ನುತ್ತಾರೆ. ಎರಡೂ ಗ್ರೀಕ್ ಶಬ್ದಗಳು. ಜೋಸ್ಟರ್ ಎಂದರೆ ನಡುಪಟ್ಟಿ. ಹರ್ಪಿಸ್ ಎಂಬುದು ತೆವಳು ಎಂಬರ್ಥದ ಧಾತುವಿನಿಂದ ಬಂದುದು. ಆ ಧಾತುವೂ ಸಂಸ್ಕೃತದ ಸೃಪ್ ಧಾತುವೂ ಒಂದೇ ಬೇರಿನವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಸರ್ಪವೆಂಬ ಶಬ್ದವೂ, ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವರ್ಣಿತವಾದ ವಿಸರ್ಪವೆಂಬ ರೋಗದ ಹೆಸರೂ ಆ ಸೃಪ್ ಧಾತುವಿನವೇ. ಎಂದರೆ ಸರ್ಪವು ಈ ರೋಗದೊಳಕ್ಕೆ ಬಂದುದು ಶಾಪದ ದಾರಿಯಿಂದಲ್ಲ, ವ್ಯಾಕರಣದ ದಾರಿಯಿಂದ. ತೆವಳುವ ಪ್ರಾಣಿಗೂ ತೆವಳುವ ಹುಣ್ಣಿಗೂ ಜನರು ಒಂದೇ ಕ್ರಿಯಾಪದವನ್ನು ಬಳಸಿದರು, ಅಷ್ಟೆ. ಸುಶ್ರುತನಾದರೋ ಕಂಕುಳು, ತೋಳು, ಪಕ್ಕೆ, ಹೆಗಲುಗಳಲ್ಲಿ ನೋವಿನೊಡನೆ ಏಳುವ ಗುಳ್ಳೆಗಳಿಗೆ ಕಕ್ಷಾ ಎಂಬ ಹೆಸರನ್ನಿಟ್ಟು, ಕ್ಷುದ್ರರೋಗಗಳ ಸಾಲಿನಲ್ಲಿ ಸೇರಿಸಿ, ಪಿತ್ತಪ್ರಕೋಪವನ್ನು ಕಾರಣವಾಗಿ ಹೇಳಿದನೇ ಹೊರತು ಅಲ್ಲಿ ನಾಗದೋಷದ ಪ್ರಸ್ತಾಪವನ್ನು ಮಾಡಲಿಲ್ಲ.

ಸುತ್ತು ಏಕೆ ಪೂರ್ತಿಯಾಗುವುದಿಲ್ಲವೆಂಬುದಕ್ಕೆ ಶರೀರರಚನೆಯೇ ಉತ್ತರವನ್ನು ಕೊಡುತ್ತದೆ. ಬೆನ್ನುಹುರಿಯಿಂದ ನರಗಳು ಜೋಡಿ ಜೋಡಿಯಾಗಿ ಹೊರಡುತ್ತವೆ; ಒಂದು ಎಡಕ್ಕೆ, ಒಂದು ಬಲಕ್ಕೆ. ಪ್ರತಿಯೊಂದು ನರಕ್ಕೂ ಚರ್ಮದಲ್ಲಿ ತನ್ನದೇ ಆದ ಒಂದು ಪಟ್ಟಿಯುಂಟು, ಹೊಲದಲ್ಲಿ ಒಂದೊಂದು ಕಾಲುವೆಗೆ ಒಂದೊಂದು ಮಡಿ ಇರುವಂತೆ. ಎಡದ ನರದ ಪಟ್ಟಿಯು ಮುಂಭಾಗದ ನಡುರೇಖೆಯವರೆಗೆ ಬಂದು ನಿಲ್ಲುತ್ತದೆ; ಬಲದ್ದೂ ಹಾಗೆಯೇ. ಲಂಡನ್ನಿನ ಹೆನ್ರಿ ಹೆಡ್ ಎಂಬ ವೈದ್ಯನು ಕ್ಯಾಂಬೆಲ್ ಎಂಬ ಸಹೋದ್ಯೋಗಿಯೊಡನೆ, ಈ ರೋಗವಿದ್ದು ಮೃತರಾದವರ ದೇಹಗಳನ್ನು ಶೋಧಿಸಿ, ಬೆನ್ನುಹುರಿಯ ಪಕ್ಕದ ನರಗ್ರಂಥಿಯೊಂದರಲ್ಲಿ ಉರಿಯೂತವಿರುವುದನ್ನು ೧೯೦೦ರಲ್ಲಿ ಪ್ರಕಟಪಡಿಸಿದನು. ರೋಗವಿರುವುದು ಒಂದು ಪಾರ್ಶ್ವದ ಒಂದು ನರದಲ್ಲಿ; ಗುಳ್ಳೆಗಳೇಳುವುದು ಆ ನರದ ಪಟ್ಟಿಯಲ್ಲಿ. ಆದುದರಿಂದ ಹಾವು ನಡುರೇಖೆಯನ್ನು ದಾಟುವುದು ಸಾಮಾನ್ಯವಾಗಿ ಸಂಭವಿಸದು. ದೇಹದ ರಕ್ಷಣಾಶಕ್ತಿಯು ತೀರ ಕುಗ್ಗಿದವರಲ್ಲಿ ಗುಳ್ಳೆಗಳು ಮೈಯೆಲ್ಲ ಹರಡುವುದು ಅಪರೂಪವಾಗಿ ಉಂಟು. ಅಲ್ಲಿಯೂ ಅಪಾಯವನ್ನು ತರುವುದು ತಲೆಬಾಲಗಳ ಕೂಡುವಿಕೆಯಲ್ಲ, ರಕ್ಷಣಾಶಕ್ತಿಯ ಕುಗ್ಗುವಿಕೆ.

ಹಾಗಾದರೆ ಈ ವಿಷವು ನರದ ಬುಡಕ್ಕೆ ಎಲ್ಲಿಂದ ಬಂದಿತು? ಇದರ ಉತ್ತರವೇ ಇಡೀ ವಿಷಯದ ತಿರುಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬುಡಾಪೆಸ್ಟ್ ನಗರದ ಬೋಕಾಯ್ ಎಂಬ ಮಕ್ಕಳ ವೈದ್ಯನು, ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತು ಬಂದ ಕೆಲವು ದಿನಗಳಲ್ಲಿಯೇ ಅಲ್ಲಿಯ ಮಕ್ಕಳಿಗೆ ಸೀತಾಳೆಸಿಡುಬು ಬರುವುದನ್ನು ಗಮನಿಸಿದನು. ಎರಡಕ್ಕೂ ಸಂಬಂಧವಿರಬಹುದೆಂಬ ಸಂದೇಹವು ಅಲ್ಲಿಂದ ಬಲವಾಯಿತು. ಅದನ್ನು ಬಿಡಿಸಿದ ಕೀರ್ತಿಯ ದೊಡ್ಡ ಪಾಲು ಯಾವ ಮಹಾ ವಿದ್ಯಾಪೀಠಕ್ಕೂ ಸಲ್ಲದೆ, ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದಲ್ಲಿ ಸಾಮಾನ್ಯ ವೈದ್ಯವೃತ್ತಿ ಮಾಡಿಕೊಂಡಿದ್ದ ಎಡ್ಗರ್ ಹೋಪ್‌ಸಿಂಪ್ಸನ್ ಎಂಬಾತನಿಗೆ ಸಲ್ಲುತ್ತದೆ. ಈತನು ತನ್ನಲ್ಲಿಗೆ ಬಂದ ಸರ್ಪಸುತ್ತಿನ ರೋಗಿಗಳನ್ನೆಲ್ಲ ಹದಿನಾರು ವರ್ಷಗಳ ಕಾಲ ಬಿಡದೆ ಬರೆದಿಟ್ಟನು. ೧೯೨ ಪ್ರಸಂಗಗಳಾದವು. ಒಬ್ಬರಿಂದೊಬ್ಬರಿಗೆ ಅಂಟು ಹರಡುವುದನ್ನು ಸುಲಭವಾಗಿ ಹಿಂಬಾಲಿಸಬಹುದಾದ ಸಣ್ಣ ಜನಸಮುದಾಯವನ್ನು ಅರಸಿ ಸ್ಕಾಟ್ಲೆಂಡಿನ ಉತ್ತರದ ಯೆಲ್ ಎಂಬ ದ್ವೀಪಕ್ಕೂ ಹೋಗಿಬಂದನು. ವಯಸ್ಸು ಏರಿದಂತೆಲ್ಲ ಸರ್ಪಸುತ್ತು ಹೆಚ್ಚುತ್ತ ಹೋಗುವುದನ್ನು ಕಂಡು, ೧೯೬೫ರಲ್ಲಿ ತನ್ನ ಸಿದ್ಧಾಂತವನ್ನು ಪ್ರಕಟಿಸಿದನು. ಅದರ ಸಾರವಿಷ್ಟು: ಬಾಲ್ಯದಲ್ಲಿ ಸೀತಾಳೆಸಿಡುಬನ್ನು ತಂದ ವೈರಸ್ ಎಂಬ ಅತಿಸೂಕ್ಷ್ಮ ರೋಗಾಣುವು, ಮೈಮೇಲಿನ ಗುಳ್ಳೆಗಳು ಒಣಗಿದ ಮೇಲೆಯೂ ದೇಹವನ್ನು ಬಿಟ್ಟುಹೋಗುವುದಿಲ್ಲ, ನರಗ್ರಂಥಿಗಳಲ್ಲಿ ಅಡಗಿ ಹತ್ತಾರು ವರ್ಷ ನಿದ್ರಿಸುತ್ತದೆ, ದೇಹದ ಕಾವಲು ಸಡಿಲವಾದ ದಿನ ಎಚ್ಚತ್ತು ಒಂದು ನರದ ಗುಂಟ ಚರ್ಮಕ್ಕೆ ಇಳಿದು ಬರುತ್ತದೆ. ಮುಂದಿನ ಶೋಧನೆಗಳು ಇದನ್ನು ದೃಢಪಡಿಸಿದವು. ದಿನಚರಿಯ ಪುಸ್ತಕವನ್ನು ತಾಳ್ಮೆಯಿಂದ ಬರೆದಿಡುವ ಹಳ್ಳಿಯ ವೈದ್ಯನೊಬ್ಬನು ಮಾಡಬಹುದಾದ ಉಪಕಾರ ಎಷ್ಟು ದೊಡ್ಡದೆಂಬುದಕ್ಕೆ ಈತನೇ ಸಾಕ್ಷಿ.

ಏಳು ವರ್ಷದ ಹುಡುಗನಾಗಿದ್ದಾಗ ಅಮ್ಮ ಬಂದುದೆಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದುದು ನೆನಪಿನಿಂದಲೇ ಅಳಿದುಹೋಗಿರುತ್ತದೆ. ಅರುವತ್ತು ವರ್ಷಗಳಾದ ಮೇಲೆ ಅದೇ ಅತಿಥಿ ಒಳಗಿನಿಂದ ಬಾಗಿಲು ತಟ್ಟುತ್ತಾನೆ. ಸರ್ಪಸುತ್ತು ಹೊರಗಿನಿಂದ ಹೊಸದಾಗಿ ಬರುವ ರೋಗವಲ್ಲ. ಬಾಲ್ಯದಲ್ಲಿ ಸೀತಾಳೆಸಿಡುಬು ಬಂದಿದ್ದವರಲ್ಲಿ ಯಾರಿಗಾದರೂ ಇದು ಬರಬಹುದು. ಅಮೆರಿಕದ ಆರೋಗ್ಯಶಾಖೆಯವರು ಮಾಡಿರುವ ಲೆಕ್ಕದಂತೆ ಆ ದೇಶದಲ್ಲಿ ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಇದು ಬರುತ್ತದೆ. ಅಷ್ಟು ಮಂದಿ ಅಲ್ಲಿ ಹಾವನ್ನು ಕೊಂದವರಾಗಿರಲಾರರು.

ಈ ಕಾವಲೆಂಬುದು ಯಾವುದು? ರಕ್ತದಲ್ಲಿ ಸಂಚರಿಸುವ ಬಿಳಿಯ ಕಣಗಳಲ್ಲಿ ಟಿ ಕಣಗಳೆಂಬ ಒಂದು ಪಂಗಡವುಂಟು. ಹಳೆಯ ಶತ್ರುವಿನ ಗುರುತನ್ನು ನೆನಪಿನಲ್ಲಿಟ್ಟುಕೊಂಡು, ಅಡಗಿದ ವೈರಸ್ಸು ತಲೆಯೆತ್ತದಂತೆ ನೋಡಿಕೊಳ್ಳುವ ಕೆಲಸ ಅವುಗಳದು. ಸಾವನದುರ್ಗದಂತಹ ಕೋಟೆಯಲ್ಲಿ ಸೆರೆಯಾಳನ್ನು ಇಟ್ಟಿರುವಾಗ ಗೋಡೆಯ ಎತ್ತರಕ್ಕಿಂತ ಕಾವಲುಗಾರನ ಎಚ್ಚರವೇ ಮುಖ್ಯವಷ್ಟೆ. ಐವತ್ತು ವರ್ಷ ದಾಟಿದ ಮೇಲೆ ಈ ಕಾವಲುಗಾರನಿಗೆ ಸಹಜವಾಗಿಯೇ ವಯಸ್ಸಾಗುತ್ತದೆ. ಮಧುಮೇಹ, ಅರ್ಬುದ ರೋಗ ಮತ್ತು ಅದರ ತೀಕ್ಷ್ಣ ಔಷಧಗಳು, ಬಹುಕಾಲ ಸೇವಿಸಿದ ಸ್ಟೆರಾಯ್ಡ್ ಮಾತ್ರೆಗಳು, ಬೇರೊಬ್ಬರ ಮೂತ್ರಪಿಂಡವನ್ನು ಕಸಿಮಾಡಿಸಿಕೊಂಡವರು ನುಂಗಲೇಬೇಕಾದ ಗುಳಿಗೆಗಳು, ಎಚ್.ಐ.ವಿ. ಸೋಂಕು, ಇವು ವಯಸ್ಸಾಗುವ ಮುನ್ನವೇ ಅವನನ್ನು ಬಲಹೀನನನ್ನಾಗಿ ಮಾಡುತ್ತವೆ. ಎಳೆಯ ವಯಸ್ಸಿನವರಿಗೆ ಸರ್ಪಸುತ್ತು ಬಂದಾಗ ವೈದ್ಯರು ರಕ್ತಪರೀಕ್ಷೆ ಮಾಡಿಸೆಂದರೆ ಅದನ್ನು ಅವಮಾನವೆಂದು ಭಾವಿಸದೆ ಮಾಡಿಸಬೇಕು.

ರಾಮನಗರ, ಮಾಗಡಿ, ಕನಕಪುರಗಳ ರೈತರಿಗೆ ಈ ತತ್ತ್ವವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ರೇಷ್ಮೆಹುಳುವಿಗೆ ಬರುವ ಹಾಲುತೊಂಡೆ ರೋಗವೂ ಒಂದು ವೈರಸ್ಸಿನದೇ. ಸೆಕೆ ಮಿತಿಮೀರಿದಾಗ, ತೇವ ಏರಿಳಿದಾಗ, ಬಲಿಯದ ಅಥವಾ ಬಾಡಿದ ಸೊಪ್ಪನ್ನು ಕೊಟ್ಟಾಗ ತಟ್ಟೆಗಳಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದೆಂದು ಹುಳು ಸಾಕುವ ತಾಯಂದಿರು ಬಲ್ಲರು. ರೋಗಾಣುವೊಂದು ಕಾರಣ, ಅದಕ್ಕೆ ಎಡೆಗೊಟ್ಟ ದೌರ್ಬಲ್ಯ ಇನ್ನೊಂದು ಕಾರಣ. ಹುಳುವಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿ ವಿಚಾರಮಾಡುವವರು, ಅದೇ ಹುಳು ಹಣ್ಣಾಗುವ ದಿನಗಳಲ್ಲಿ ಹಗಲಿರುಳು ಸೊಪ್ಪು ಹಾಕುತ್ತ ನಿದ್ದೆಗೆಟ್ಟ ತಮ್ಮ ದೇಹವನ್ನು ಮಾತ್ರ ಮರೆಯುತ್ತಾರೆ.

ಇಲ್ಲಿ ಮನಸ್ಸಿನ ಪ್ರಸ್ತಾಪ ಬರುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ೧೭ನೆಯ ಅಧ್ಯಾಯದಲ್ಲಿ ಧಾತುಗಳೂ ಓಜಸ್ಸೂ ಕ್ಷೀಣಿಸುವುದಕ್ಕೆ ಹೇಳಿರುವ ಕಾರಣಗಳಲ್ಲಿ ಅತಿಶ್ರಮ, ಉಪವಾಸಗಳ ಜೊತೆಗೆ ಚಿಂತೆ, ಭಯ, ಶೋಕ, ಜಾಗರಣೆಗಳೂ ಸೇರಿವೆ. ಇಂದಿನ ಶಾಸ್ತ್ರವು ಇದೇ ಸಂಗತಿಯನ್ನು ಬೇರೆ ಪರಿಭಾಷೆಯಲ್ಲಿ ಹೇಳುತ್ತದೆ: ದೀರ್ಘಕಾಲದ ಚಿಂತೆಯಲ್ಲಿ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಕಾರ್ಟಿಸೋಲ್ ಎಂಬ ರಸವನ್ನು ಹೆಚ್ಚಾಗಿ ಸುರಿಸುತ್ತವೆ, ಅದು ಬಹುಕಾಲ ಮುಂದುವರಿದರೆ ಟಿ ಕಣಗಳ ಕೆಲಸವು ಕುಂದುತ್ತದೆ. ಹಾಗೆಂದು ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಎದೆಯುಬ್ಬಿಸುವುದು ಪಂಡಿತರಿಗೆ ಶೋಭಿಸುವುದಿಲ್ಲ. ಕಕ್ಷಾರೋಗಕ್ಕೂ ಬಾಲ್ಯದ ಸಿಡುಬಿಗೂ ಇರುವ ನಂಟನ್ನು ಅವರು ಹೇಳಿಲ್ಲ.

ಆಧುನಿಕ ಪರೀಕ್ಷೆಗಳಲ್ಲಿ ಕುತೂಹಲಕರವಾದ ಎರಡನ್ನು ಇಲ್ಲಿ ಹೇಳಬಹುದು. ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳು ಆರೋಗ್ಯವಂತರಾದ ಎಂಟು ಮಂದಿ ಗಗನಯಾತ್ರಿಗಳ ಜೊಲ್ಲನ್ನು ಯಾನದ ಮೊದಲೂ ನಡುವೆಯೂ ಅನಂತರವೂ ಪರೀಕ್ಷಿಸಿ ೨೦೦೪ರಲ್ಲಿ ಫಲವನ್ನು ಪ್ರಕಟಿಸಿದರು. ಯಾನದ ಕಾಲದಲ್ಲಿಯೂ ಹಿಂದಿರುಗಿದ ಮೇಲೆಯೂ ಈ ವೈರಸ್ಸಿನ ಅಂಶವು ಜೊಲ್ಲಿನಲ್ಲಿ ಕಾಣಿಸಿಕೊಂಡಿತು. ಮೈಮೇಲೆ ಗುಳ್ಳೆಯೊಂದೂ ಏಳಲಿಲ್ಲ. ದೇಹಮನಸ್ಸುಗಳ ಮೇಲೆ ಬಿದ್ದ ಒತ್ತಡವು ಮಲಗಿದ್ದುದನ್ನು ಸ್ವಲ್ಪ ಕದಲಿಸಿತೆಂದು ಅವರ ಅಭಿಪ್ರಾಯ. ಇನ್ನೊಂದು ಅದೇ ದೇಶದಲ್ಲಿ ೨೦೦೭ರಲ್ಲಿ ಪ್ರಕಟವಾದುದು. ೫೯ರಿಂದ ೮೬ ವರ್ಷದೊಳಗಿನ ೧೧೨ ಮಂದಿಯಲ್ಲಿ ಒಂದು ಪಂಗಡಕ್ಕೆ ತಾಯಿ ಚಿ ಎಂಬ ಮಂದಗತಿಯ ಚೀನಾ ದೇಶದ ವ್ಯಾಯಾಮವನ್ನು ಹದಿನಾರು ವಾರ ಕಲಿಸಿ, ಇನ್ನೊಂದು ಪಂಗಡಕ್ಕೆ ಬರಿಯ ಆರೋಗ್ಯಬೋಧೆಯನ್ನು ಮಾಡಿದರು. ವ್ಯಾಯಾಮ ಮಾಡಿದವರಲ್ಲಿ ಈ ವೈರಸ್ಸಿಗೆ ಎದುರಾದ ಕಣಬಲವು ಹೆಚ್ಚಿತೆಂದು ಕಂಡುಬಂದಿತು.

ಆದರೆ ಇದರಿಂದ ಅವಸರದ ತೀರ್ಮಾನಕ್ಕೆ ಬರಬಾರದು. ದುಃಖಕ್ಕೂ ಸರ್ಪಸುತ್ತಿಗೂ ನೇರವಾದ ಗಂಟು ಹಾಕಹೊರಟ ಶೋಧನೆಗಳೆಲ್ಲ ಒಂದೇ ಮಾತನ್ನು ಹೇಳುವುದಿಲ್ಲ. ಚಿಂತಿಸಿದವರಿಗೆಲ್ಲ ಇದು ಬರುವುದೂ ಇಲ್ಲ; ನಿಶ್ಚಿಂತರಿಗೆ ಬಾರದೆಯೂ ಇಲ್ಲ. ವಯಸ್ಸೇ ಇದಕ್ಕೆ ದೊಡ್ಡ ಕಾರಣ. ಇದನ್ನು ಒತ್ತಿ ಹೇಳುವುದಕ್ಕೆ ಉದ್ದೇಶವಿದೆ. ನಾಗದೋಷವನ್ನು ಬಿಟ್ಟವರು ಅದರ ಸ್ಥಾನದಲ್ಲಿ ಚಿಂತಾದೋಷವೆಂಬ ಇನ್ನೊಂದನ್ನು ಪ್ರತಿಷ್ಠಿಸುವ ಸಂಭವವುಂಟು. ಗಂಡನನ್ನು ಕಳೆದುಕೊಂಡ ಹೆಂಗಸು ಪಕ್ಕೆಯ ಉರಿಯಿಂದ ನರಳುತ್ತಿರುವಾಗ, ನೀನು ಕೊರಗಿದ್ದರಿಂದಲೇ ಬಂದಿತೆಂದು ನೆರೆಯವರು ಹೇಳಿದರೆ, ಹುತ್ತ ಅಗೆದುದರಿಂದ ಬಂದಿತೆಂದವರಿಗಿಂತ ಅವರು ಯಾವ ವಿಧದಲ್ಲಿ ಮೇಲು? ಸಾಲದ ಬಾಧೆಯಲ್ಲಿರುವವನಿಗೆ ಚಿಂತೆ ಮಾಡಬೇಡವೆಂದು ಉಪದೇಶಿಸುವುದು ಸುಲಭ. ಒಂದು ರಾತ್ರಿಯಾದರೂ ಅವನು ನಿದ್ದೆ ಮಾಡುವಂತೆ ಅವನ ಸರದಿಯ ನೀರನ್ನು ಹೊಲಕ್ಕೆ ತಿರುಗಿಸಿ ಬರುವುದು ಔಷಧಕ್ಕೆ ಸಮೀಪವಾದ ಕೆಲಸ.

ಇದೇ ಕುಲದ ಇನ್ನೊಂದು ವೈರಸ್ಸಿನ ಮಾತನ್ನು ಸಂಕ್ಷೇಪವಾಗಿ ಹೇಳಬೇಕು. ಜ್ವರ ಬಂದುಹೋದ ಮೇಲೆ, ಬಿಸಿಲಿನಲ್ಲಿ ಬಹಳ ದುಡಿದ ಮೇಲೆ ತುಟಿಯಂಚಿನಲ್ಲಿ ಏಳುವ ಗುಳ್ಳೆಗಳನ್ನು ಹುಳು ಉಚ್ಚೆ ಹೊಯ್ದುದೆಂದು ಜನರು ಹೇಳುವುದುಂಟು. ಅದು ಹರ್ಪಿಸ್ ಸಿಂಪ್ಲೆಕ್ಸ್. ಅದೂ ನರಗ್ರಂಥಿಯಲ್ಲಿ ಅಡಗಿದ್ದು ಮತ್ತೆ ಮತ್ತೆ ಏಳುವಂತಹುದು. ಸರ್ಪಸುತ್ತಾದರೋ ಬಹುಮಂದಿಗೆ ಜೀವಮಾನದಲ್ಲಿ ಒಮ್ಮೆ ಬರುವುದು. ಗುಹ್ಯಪ್ರದೇಶದಲ್ಲಿ ಇಂತಹ ಗುಳ್ಳೆಗಳು ಕಂಡವರು ನಾಚಿಕೆಯಿಂದ ಮುಚ್ಚಿಡದೆ ವೈದ್ಯರಲ್ಲಿ ಹೇಳಿಕೊಳ್ಳುವುದು ತಮಗೂ ತಮ್ಮ ಮನೆಯವರಿಗೂ ಒಳ್ಳೆಯದು.

ಈಗ ಚಿಕಿತ್ಸೆಯ ವಿಷಯ. ಗರಿಕೆಯನ್ನು ಅರೆದು ಹಚ್ಚುವುದು, ಕೆಮ್ಮಣ್ಣಿನಿಂದ ಗುಳ್ಳೆಗಳ ಸುತ್ತ ಬರೆಯುವುದು, ಮಂತ್ರಿಸುವುದು, ಇವು ಹಳ್ಳಿಗಳ ರೂಢಿ. ತಮಿಳುನಾಡಿನಲ್ಲಿ ಇದನ್ನು ಅಕ್ಕಿ ಎನ್ನುತ್ತಾರೆ. ಅಲ್ಲಿ ಕುಂಬಾರರು ಕಾವಿಮಣ್ಣಿನಿಂದ ಚಿತ್ರ ಬರೆಯುವ ಪದ್ಧತಿಯುಂಟು. ಬರೆಯುವವರನ್ನು ವಂಚಕರೆಂದು ಹಳಿಯುವುದು ಅನ್ಯಾಯ. ಹಲವರು ಒಂದು ಕಾಸನ್ನೂ ಮುಟ್ಟದೆ, ನಡುರಾತ್ರಿಯಲ್ಲಿ ಕರೆದರೂ ಎದ್ದು ಬರುವವರು. ಅವರ ಕೈಗುಣವೆಂದು ಜನರು ನಂಬುವುದಕ್ಕೂ ಕಾರಣವಿದೆ: ಆರೋಗ್ಯವಂತರಲ್ಲಿ ಗುಳ್ಳೆಗಳು ಎರಡು ನಾಲ್ಕು ವಾರಗಳಲ್ಲಿ ತಾವಾಗಿಯೇ ಒಣಗಿ ಉದುರುತ್ತವೆ. ಯಾರು ಬರೆದರೂ ಒಣಗುತ್ತವೆ, ಬರೆಯದಿದ್ದರೂ ಒಣಗುತ್ತವೆ. ಕೆಡುಕಿರುವುದು ಎರಡು ಕಡೆ. ಒಡೆದ ಗುಳ್ಳೆಗೆ ಮೆತ್ತಿದ ಮಣ್ಣಿನಿಂದ ಕೀವು ಸೇರಬಹುದು. ಅದಕ್ಕಿಂತ ಹೆಚ್ಚಾಗಿ, ಮೂರು ಸಲ ಬರೆಯಿಸಬೇಕು, ಭಾನುವಾರ ಬರೆಯಿಸಬೇಕು ಎಂದು ಕಾಯುವಲ್ಲಿ ಅಮೂಲ್ಯವಾದ ಕಾಲವು ಕಳೆದುಹೋಗುತ್ತದೆ.

ಆ ಕಾಲವೆಂದರೆ ಮೊದಲ ೭೨ ಗಂಟೆಗಳು. ಅಸೈಕ್ಲೊವಿರ್ ಎಂಬ ಔಷಧವು ಈ ವೈರಸ್ಸು ತನ್ನ ಸಂತತಿಯನ್ನು ಬೆಳೆಸಿಕೊಳ್ಳದಂತೆ ತಡೆಯುತ್ತದೆ. ಅದನ್ನು ಕಂಡುಹಿಡಿದ ಪ್ರಯೋಗಶಾಲೆಯ ಮುಂದಾಳುವಾಗಿದ್ದ ಗರ್ಟ್ರೂಡ್ ಎಲಿಯನ್ ಎಂಬ ವಿದುಷಿಗೆ ೧೯೮೮ರಲ್ಲಿ ನೊಬೆಲ್ ಪಾರಿತೋಷಕವು ಲಭಿಸಿತು. ವ್ಯಾಲಸೈಕ್ಲೊವಿರ್ ಮೊದಲಾದುವು ಅದರ ಬಳಗದವೇ. ಗುಳ್ಳೆಯೆದ್ದ ಮೂರು ದಿನಗಳೊಳಗೆ ಆರಂಭಿಸಿದರೆ ಇವುಗಳ ಫಲ ಹೆಚ್ಚು. ವೈರಸ್ಸು ಬೆಳೆದು ಮುಗಿದ ಮೇಲೆ ತಡೆಯುವುದಕ್ಕೆ ಉಳಿಯುವುದು ಅಲ್ಪ. ಮೂರು ದಿನ ಕಳೆಯಿತೆಂದು ಸುಮ್ಮನಿರಬೇಕೆಂದು ಅರ್ಥವಲ್ಲ. ವೈದ್ಯರೇ ನೋಡಿ ನಿರ್ಣಯಿಸಲಿ. ಪ್ರಮಾಣವನ್ನೂ ಅವರೇ ಹೇಳಬೇಕು, ಏಕೆಂದರೆ ಮೂತ್ರಪಿಂಡದ ದೋಷವಿರುವವರಿಗೆ ಅದನ್ನು ತಗ್ಗಿಸಬೇಕಾಗುತ್ತದೆ. ಹಣೆಯಲ್ಲಿಯೋ ಕಣ್ಣಿನ ಸುತ್ತಲೋ, ವಿಶೇಷವಾಗಿ ಮೂಗಿನ ತುದಿಯಲ್ಲಿಯೋ ಗುಳ್ಳೆ ಕಂಡರೆ ಗಂಟೆಗಳನ್ನೂ ಎಣಿಸಬಾರದು. ಮೂಗಿನ ತುದಿಗೆ ಬರುವ ನರದ ಕವಲೇ ಕಣ್ಣಿನೊಳಕ್ಕೂ ಹೋಗುತ್ತದೆ. ದೃಷ್ಟಿಯೇ ಹೋಗುವ ಭಯವಿದೆ. ಕಿವಿಯಲ್ಲಿ ಗುಳ್ಳೆಯೆದ್ದು ಮುಖ ಒಂದು ಕಡೆಗೆ ವಾಲಿದರೂ ಹಾಗೆಯೇ.

ಭಕ್ತರ ಮನೆಗಳಲ್ಲಿ ಏಳುವ ಪ್ರಶ್ನೆಯೊಂದುಂಟು: ಮೈಮೇಲೆ ಹುಣ್ಣಿರುವಾಗ ಇಷ್ಟಲಿಂಗಪೂಜೆ ಸಲ್ಲುವುದೇ? ಲಿಂಗಧಾರಿಗಳಿಗೆ ಪಂಚಸೂತಕಗಳೇ ಇಲ್ಲವೆಂದು ಶರಣರು ಸಾರಿರುವಾಗ, ಗುಳ್ಳೆಯ ಸೂತಕವೆಂಬ ಆರನೆಯದನ್ನು ಕಲ್ಪಿಸುವುದು ಬೇಡ. ಪೂಜೆಯು ನಡೆಯಲಿ. ಕರಡಿಗೆಯೋ ಶಿವದಾರವೋ ಹುಣ್ಣಿಗೆ ಉಜ್ಜುವಂತಿದ್ದರೆ ಅಲ್ಲಿ ಶುಭ್ರವಾದ ಬಟ್ಟೆಯನ್ನಿಟ್ಟುಕೊಂಡರಾಯಿತು. ಕಲ್ಲ ನಾಗನಿಗೂ ದಿಟದ ನಾಗನಿಗೂ ಜನರು ತೋರುವ ಭೇದವನ್ನು ಬಸವಣ್ಣನವರು ಎತ್ತಿ ತೋರಿದ ಮೇಲೂ, ಚರ್ಮದ ಮೇಲೆ ಎದ್ದ ಈ ಮೂರನೆಯ ನಾಗನಿಗೆ ಅಂಜುವುದು ಆಶ್ಚರ್ಯವೇ ಸರಿ. ಸೂತಕ ಬೇರೆ, ಅಂಟು ಬೇರೆ. ಸರ್ಪಸುತ್ತಿರುವವರಿಂದ ಇನ್ನೊಬ್ಬರಿಗೆ ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಗಲಿದರೆ ಸೀತಾಳೆಸಿಡುಬು ಬಾರದೆ ಇದ್ದವರಿಗೆ ಆ ಸಿಡುಬು ಬರಬಹುದು. ಆದಕಾರಣ ಗುಳ್ಳೆಗಳು ಹಕ್ಕಳೆಗಟ್ಟುವವರೆಗೆ ಅವುಗಳನ್ನು ಮುಚ್ಚಿಟ್ಟು, ಎಳೆಗೂಸುಗಳಿಂದಲೂ ಸಿಡುಬು ಬಾರದ ಗರ್ಭಿಣಿಯರಿಂದಲೂ ದೂರವಿರಬೇಕು. ಪ್ರತ್ಯೇಕ ಕೋಣೆಗೆ ತಳ್ಳಿ ಬಾಗಿಲಿನಾಚೆಯಿಂದ ಅನ್ನವನ್ನು ನೂಕುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಬಾರದಂತೆ ತಡೆಯುವ ಲಸಿಕೆಯೂ ಈಗ ಉಂಟು. ಜಪಾನಿನ ಮಿಚಿಯಾಕಿ ತಕಹಾಶಿ ಎಂಬ ವೈದ್ಯನು ೧೯೭೪ರಲ್ಲಿ ಸೀತಾಳೆಸಿಡುಬಿನ ಲಸಿಕೆಯನ್ನು ಪ್ರಕಟಪಡಿಸಿದನು. ವೃದ್ಧರ ಸರ್ಪಸುತ್ತಿಗಾಗಿಯೇ ಸಿದ್ಧವಾದ ಹೊಸ ಲಸಿಕೆಯು ಭಾರತಕ್ಕೆ ೨೦೨೩ರಲ್ಲಿ ಬಂದಿತು. ಐವತ್ತು ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚುತ್ತಾರೆ. ಬೆಲೆ ಹೆಚ್ಚು, ಕೂಲಿ ಮಾಡುವವರ ಕೈಗೆ ಎಟುಕುವಂತಹುದಲ್ಲ. ಅನುಕೂಲವಿರುವವರು ಊರಿನ ವೃದ್ಧರೊಬ್ಬರಿಗಾದರೂ ಕೊಡಿಸಿದರೆ ಅದೂ ದಾಸೋಹದ ಲೆಕ್ಕಕ್ಕೇ ಸೇರೀತು.

ಕೊನೆಯದಾಗಿ, ಗುಳ್ಳೆಗಳು ಒಣಗಿದ ಮೇಲಿನ ನೋವಿನ ವಿಷಯ. ನೂರರಲ್ಲಿ ಹತ್ತರಿಂದ ಹದಿನೆಂಟು ಮಂದಿಗೆ, ಮುಖ್ಯವಾಗಿ ಅರುವತ್ತು ದಾಟಿದವರಿಗೆ, ಕಲೆ ಮಾತ್ರ ಉಳಿದ ಜಾಗದಲ್ಲಿ ಉರಿಯು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನಿಲ್ಲುತ್ತದೆ. ನರವೇ ಗಾಯಗೊಂಡಿರುವುದರಿಂದ ಹೀಗಾಗುವುದು. ಸೀರೆಯ ಸೆರಗು ಸೋಕಿದರೂ ಕೆಂಡ ಇಟ್ಟಂತಾಗುತ್ತದೆ. ಮೇಲೆ ಗಾಯವಿಲ್ಲದುದರಿಂದ ಮನೆಯ ಮಂದಿ ನಂಬುವುದಿಲ್ಲ. ಮುದುಕಿಯ ಹಟವೆನ್ನುತ್ತಾರೆ, ಕೆಲಸಕ್ಕೆ ಕಳ್ಳಾಟವೆನ್ನುತ್ತಾರೆ. ಸಾಮಾನ್ಯ ನೋವಿನ ಗುಳಿಗೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲವಾದರೂ, ನರದ ಉರಿಯನ್ನು ತಗ್ಗಿಸುವ ಬೇರೆ ಔಷಧಗಳು ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿವೆ. ಕುಪ್ಪಸ ತೊಡಲಾರೆನೆಂದು ಮೂಲೆಯಲ್ಲಿ ಕುಳಿತ ತಾಯಿ ಯಾರ ಮನೆಯಲ್ಲಾದರೂ ಇದ್ದರೆ, ಆಕೆ ಹೇಳುತ್ತಿರುವುದು ನಿಜ.